ಆರು ವರ್ಷದ ತಾಜಾ ಕೇಕು

ನಮ್ಮ ಬನ್ನಣ್ಣನ ಬೇಕರಿಯಲ್ಲಿ ಎಲ್ಲ ಲೆಕ್ಕವೂ ಬನ್ನಿನಲ್ಲೇ ನಡೆಯುತ್ತದೆ. ಅದು ಅವನ ಹೆಂಡತಿ ಮಾಡಿದ ಕಾನೂನು. ಅಂಗಡಿ ಬಾಡಿಗೆ ಇಷ್ಟು ಸಾವಿರ ಬನ್ನು, ಕರೆಂಟು ಬಿಲ್ಲು ಇಷ್ಟು ನೂರು ಬನ್ನು, ಗಂಡನ ಹೊಸ ಚಪ್ಪಲಿ ಅರವತ್ತು ಬನ್ನು. ಹಳೆಯದರ ತಳ ಹೊಲಿಸಿದ್ದರೆ ಆರೇ ಬನ್ನಿನಲ್ಲಿ ಮುಗಿಯುತ್ತಿತ್ತು. ಈ ಲೆಕ್ಕದ ಪ್ರಕಾರ, ಬೇಕರಿಯ ಗಾಜಿನ ಕಿಟಕಿಯಲ್ಲಿ ನಿಂತಿದ್ದ ನಾಲ್ಕು ಅಂತಸ್ತಿನ ಕೇಕಿಗೆ ತಗುಲಿದ ಖರ್ಚು ಹೀಗಿತ್ತು: ಥರ್ಮಾಕೋಲು ನಲವತ್ತು ಬನ್ನು, ಮೇಲೆ ಬಳಿದ ಸಕ್ಕರೆ ಮುನ್ನೂರು, ಮುತ್ತಿನ ಮಣಿಗಳು ಎಂಬತ್ತು, ಎರಡು ಹಂಸ ಐವತ್ತು, ಒಂದು ಹಂಸದ ಕತ್ತು ಮುರಿದಾಗ ಅಂಟಿಸಿದ ಗೋಂದು ಎರಡು ಬನ್ನು.

ಹಿಟ್ಟು ಇಲ್ಲ, ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ. ಕೇಕಿನ ಕಸುಬಿನಲ್ಲಿ ಇದೇನೂ ಮೋಸವಲ್ಲ. ಕಿಟಕಿಗೆ ಇಡುವ ಕೇಕು ಬಟ್ಟೆ ಅಂಗಡಿಯ ಗೊಂಬೆ ಇದ್ದ ಹಾಗೆ. ಒಂದೇ ವ್ಯತ್ಯಾಸ, ಆ ಗೊಂಬೆಯನ್ನು ಮದುವೆ ಮಾಡಿಕೊಡಿ ಎಂದು ಯಾರೂ ಕೇಳುವುದಿಲ್ಲ. ಕೇಕನ್ನು ಕೇಳುತ್ತಾರೆ.

ಹಾಗೆ ಕೇಳುವವರಲ್ಲಿ ಬೇಕರಿಯ ಮಹಡಿಯ ಮೇಲಿನ ಟೀಚರಮ್ಮ ಮೊದಲಿಗರು. ನಿವೃತ್ತರಾದರೂ ದನಿ ನಿವೃತ್ತವಾಗಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ಕೆಳಗಿಳಿದು ಬಂದು ಕಿಟಕಿಗೆ ಬೆರಳು ತೋರಿಸುತ್ತಿದ್ದರು.

"ಅದರಲ್ಲಿ ಒಂದು ತುಂಡು ಕೊಡಪ್ಪ. ಹಂಸ ಬೇಡ, ಅದರ ಪಕ್ಕದ್ದು ಸಾಕು."

"ಅದು ಬುಕ್ಕಾಗಿದೆ ಟೀಚರಮ್ಮ."

"ಹೋದ ವರ್ಷಾನೂ ಬುಕ್ಕಾಗಿತ್ತಲ್ಲೋ! ಯಾರದು, ಬುಕ್ ಮಾಡಿ ಬರದೇ ಇರೋರು?"

"ದೊಡ್ಡವರು," ಎನ್ನುತ್ತಿದ್ದ ಬನ್ನಣ್ಣ, ನೆಲ ನೋಡುತ್ತ.

ಕೇಕಿನ ಒಳಗಿನ ಸಂಗತಿ ಗೊತ್ತಿದ್ದದ್ದು ಮೂವರಿಗೆ ಮಾತ್ರ: ಬನ್ನಣ್ಣನಿಗೆ, ಅವನ ಹೆಂಡತಿಗೆ, ಪಕ್ಕದ ಅಂಗಡಿಯ ದರ್ಜಿಯಾದ ನನಗೆ. ಹೀಗೆ ಆರು ವರ್ಷ ಎಲ್ಲವೂ ನೆಮ್ಮದಿಯಾಗಿತ್ತು. ಅಷ್ಟರಲ್ಲಿ ಟಿವಿಯಲ್ಲಿ ಒಂದು ಪ್ರಕಟಣೆ ಬಂತು. ಸಿಹಿ ಮಾಡುವವರ ಮಹಾಸ್ಪರ್ಧೆಯಂತೆ, ನೇರ ಪ್ರಸಾರವಂತೆ, ನಿಮ್ಮ ಅತ್ಯುತ್ತಮ ಕೆಲಸದ ಫೋಟೋ ಕಳಿಸಿ, ಆಯ್ಕೆಯಾದವರು ಅದೇ ಕೇಕನ್ನು ಸ್ಟುಡಿಯೋದಲ್ಲಿ ಮಾಡಿ ತೋರಿಸಬೇಕಂತೆ.

ಬನ್ನಣ್ಣ ನನ್ನ ಅಂಗಡಿಗೆ ಬಂದು, "ಟೈಲರಣ್ಣ, ನನಗೊಂದು ಟೋಪಿ ಹೊಲಿ, ಉದ್ದಂದು," ಎಂದ. ನಾನು ಹೊಲಿದೆ. "ಇನ್ನೂ ಉದ್ದ," ಎಂದ. ಮತ್ತೆ ಹೊಲಿದೆ. ಅದನ್ನು ಹಾಕಿಕೊಂಡು ಬೇಕರಿಯೊಳಗೆ ಹೋದಾಗ ಫ್ಯಾನು ಟೋಪಿಯ ತುದಿಯನ್ನು ಕತ್ತರಿಸಿ ಸರಿಯಾದ ಅಳತೆಗೆ ತಂದಿತು. ಅದೇ ಟೋಪಿಯಲ್ಲಿ, ಕಿಟಕಿಯ ಕೇಕಿನ ಪಕ್ಕ, ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಂಡ. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಈ ಕೇಕಿನ ರುಚಿಯ ಬಗ್ಗೆ ಗ್ರಾಹಕರ ಅಭಿಪ್ರಾಯವೇನು? ಬನ್ನಣ್ಣ ಯೋಚಿಸಿ, "ಆರು ವರ್ಷದಲ್ಲಿ ಒಬ್ಬರೂ ದೂರು ಕೊಟ್ಟಿಲ್ಲ" ಎಂದು ಬರೆದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆಯ್ಕೆಯಾಗಿಬಿಟ್ಟ. ಅವನೂ ಸೇರಿ ಮೂರೇ ಜನ.

ಸುದ್ದಿ ಬಂದ ದಿನ ಅತ್ತಿಗೆ, ಅಂದರೆ ಬನ್ನಣ್ಣನ ಹೆಂಡತಿ, ಕೈಯಲ್ಲಿದ್ದ ರಸ್ಕಿನ ತಟ್ಟೆಯನ್ನು ಮೇಜಿನ ಮೇಲೆ ಇಟ್ಟರು. ಇಟ್ಟರು ಎನ್ನುವುದು ಮರ್ಯಾದೆಯ ಮಾತು.

"ರೀ, ನೀವು ಜನ್ಮದಲ್ಲಿ ನಿಜವಾದ ನಾಲ್ಕು ಅಂತಸ್ತಿನ ಕೇಕ್ ಮಾಡಿದ್ದೀರಾ?"

"ಒಂದಂತಸ್ತಿಂದು ಮಾಡಿದೀನಿ. ನಾಲ್ಕು ಸಲ ಮಾಡಿದ್ರೆ ನಾಲ್ಕಂತಸ್ತು."

"ಬೇಡ ಅಂತ ಹೇಳಿಕಳಿಸಿ. ಊರ ಮುಂದೆ ಮಾನ ಹೋಗತ್ತೆ."

"ಆಗಲ್ಲ. ಕರೆದಿದಾರೆ, ಹೋಗ್ತೀನಿ."

ಆಗ ಅತ್ತಿಗೆಯ ತಮ್ಮ ಬಾಯಿ ಹಾಕಿದ. ಈ ಬಾಮೈದನಿಗೆ ಬಹಳ ದಿನದಿಂದ ಬೇಕರಿಯ ಮುಂದಿನ ಅರ್ಧ ಭಾಗದ ಮೇಲೆ, ಅದರಲ್ಲೂ ಆ ಗಾಜಿನ ಕಿಟಕಿಯ ಮೇಲೆ, ಕಣ್ಣು. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಡಬೇಕೆಂದು ಅವನ ಆಸೆ. "ಅಕ್ಕ, ಹೋಗ್ಲಿ ಬಿಡು ಭಾವ. ಗೆದ್ರೆ ಒಳ್ಳೇದು. ಸೋತ್ರೆ ಮಾತ್ರ ಕಿಟಕಿ ನನಗೆ ಕೊಡ್ಲಿ. ಬನ್ನು ಹಿಂದಿನ ಬಾಗಿಲಲ್ಲಿ ಮಾರಿದ್ರೂ ಬನ್ನೇ."

ಬೇಕರಿಗೆ ಕಿಟಕಿ ಹೋದರೆ ಬಾಯಿ ಹೋದ ಹಾಗೆ. ಹಿಂದಿನ ಓಣಿಯಲ್ಲಿ ಬನ್ನು ಮಾರಿದರೆ ಕೊಳ್ಳಲು ಬೆಕ್ಕುಗಳು ಬರಬಹುದು. ಬನ್ನಣ್ಣ ಬೇಡ ಎನ್ನುತ್ತಾನೆಂದು ನಾನು ಕಾದೆ. ಅವನು ಟೋಪಿ ಸರಿಮಾಡಿಕೊಂಡು, "ಒಪ್ಪಿದೆ," ಎಂದ. ಅತ್ತಿಗೆ ಒಮ್ಮೆ ಗಂಡನನ್ನು, ಒಮ್ಮೆ ತಮ್ಮನನ್ನು ನೋಡಿ, "ಸೋತ್ರೆ ಕಿಟಕಿ ಇವನಿಗೆ. ಸೋಲದಿದ್ರೆ ಇನ್ನು ಈ ಮಾತು ಯಾರೂ ಎತ್ತಬಾರದು. ಇಬ್ಬರೂ ಕೇಳಿಸ್ಕೊಂಡ್ರಾ?" ಎಂದರು.

ಬೀದಿಗೆ ಹಿಗ್ಗೋ ಹಿಗ್ಗು. ಕ್ಷೌರಿಕ ತನ್ನ ಕನ್ನಡಿಯ ಮೂಲೆಯಲ್ಲಿ ಬನ್ನಣ್ಣನ ಫೋಟೋ ಅಂಟಿಸಿದ. ಟೀಚರಮ್ಮ ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಕಿಟಕಿ ತೋರಿಸತೊಡಗಿದರು. ಹಾಗೆ ನಿಲ್ಲಿಸಿದವರಲ್ಲಿ ಒಬ್ಬರು ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು. ತಿನಿಸಿನ ಅಂಗಡಿಗಳನ್ನು ಪರೀಕ್ಷೆ ಮಾಡುವುದು ಅವರ ಕೆಲಸ.

"ನೋಡಿ ಸಾರ್, ಆರು ವರ್ಷದಿಂದ ಅದೇ ಕೇಕು! ಒಂಚೂರು ಕೆಟ್ಟಿಲ್ಲ, ಒಂದಿರುವೆ ಹತ್ತಿಲ್ಲ!" ಎಂದರು ಟೀಚರಮ್ಮ, ತಮ್ಮ ಶಿಷ್ಯನಿಗೆ ಬಹುಮಾನ ಬಂದಷ್ಟು ಹೆಮ್ಮೆಯಿಂದ.

ಇನ್ಸ್‌ಪೆಕ್ಟರ ಮುಖ ಬದಲಾಯಿತು. ಸೀದಾ ಒಳಗೆ ಬಂದರು.

"ಏನ್ರೀ ಇದು? ಆರು ವರ್ಷದ ಕೇಕಾ?"

ಬನ್ನಣ್ಣನ ಪಾಡು ನೋಡಿ. ಹೌದು ಎಂದರೆ ಹಳಸಿದ ತಿನಿಸು ಇಟ್ಟ ಅಪರಾಧ. ಥರ್ಮಾಕೋಲು ಎಂದರೆ ಬಾಗಿಲಲ್ಲಿ ಕಿವಿಗೊಟ್ಟು ನಿಂತ ಟೀಚರಮ್ಮನ ಮೂಲಕ ಸಂಜೆಯೊಳಗೆ ಟಿವಿಯವರಿಗೆ ತಲುಪುತ್ತದೆ. ಅವನು ಹಂಸದ ಮೇಲಿನ ಧೂಳು ಒರೆಸುತ್ತ, "ಮಾರೋಕಿಟ್ಟಿಲ್ಲ ಸಾರ್," ಎಂದ.

"ಮಾರೋಕಲ್ಲದಿದ್ರೆ ಕಿಟಕಿಯಲ್ಲಿ ಯಾಕೆ?"

"ನಿಮ್ಮ ಮನೇಲೂ ಅಜ್ಜನ ಫೋಟೋ ಗೋಡೆ ಮೇಲಿರತ್ತೆ. ಮಾರೋಕಾ?"

"ಅಧಿಕ ಪ್ರಸಂಗ ಬೇಡ. ಸ್ಯಾಂಪಲ್ ತಗೋಬೇಕು. ಚಾಕು ಕೊಡಿ."

"ಕೊಡಲ್ಲ."

"ಏನಂದ್ರಿ?"

"ಕೊಡಲ್ಲ ಅಂದೆ."

ಇನ್ಸ್‌ಪೆಕ್ಟರು ತಾವೇ ಬ್ರೆಡ್ಡಿನ ಚಾಕು ಎತ್ತಿಕೊಂಡು ಕಿಟಕಿಯೊಳಗೆ ಬಗ್ಗಿ ಕೆಳಗಿನ ಅಂತಸ್ತಿಗೆ ಹಾಕಿದರು. ಕಿರ್‍ರ್ ಎಂದಿತು. ಹಲ್ಲು ಚುಳ್ಳೆನ್ನುವಂಥ ಸದ್ದು. ಚಾಕು ಹೊರಗೆಳೆದಾಗ ಬಿಳಿಯ ಗುಳಿಗೆಗಳು ಹಾರಿ ಅವರ ಅಂಗಿಯ ತೋಳಿಗೆ ಅಂಟಿದವು. ಕೊಡವಿದರೆ ಇನ್ನೊಂದು ತೋಳಿಗೆ ಹೋದವು. ಅವರು ಬಾಯಿ ತೆರೆಯುವ ಮೊದಲೇ ಬನ್ನಣ್ಣ ಅವರ ಕಿವಿಯ ಹತ್ತಿರ ಹೋದ.

"ಸಾರ್, ವರ್ಷಾ ವರ್ಷಾ ಪರೀಕ್ಷೆಗೆ ಬಂದು ಬಾಗಿಲಲ್ಲೇ ನಿಂತು, 'ಕಿಟಕಿಯ ಕೇಕು ತಾಜಾ ಇದೆ, ರುಚಿ ನೋಡಲಾಗಿದೆ' ಅಂತ ಬರ್ಕೊಂಡು ಹೋದೋರು ಯಾರು?"

ಇನ್ಸ್‌ಪೆಕ್ಟರು ಚಾಕು ಕೆಳಗಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, "ತಾಜಾ ಇದೆ," ಎಂದು ಗಟ್ಟಿಯಾಗಿ ಹೇಳಿ ಹೊರಟುಹೋದರು. ತೋಳಿನ ಮೇಲೆ ಎರಡು ಗುಳಿಗೆ ಹಾಗೇ ಇದ್ದವು. ಟೀಚರಮ್ಮ ಅವನ್ನು ಸಕ್ಕರೆ ಎಂದುಕೊಂಡರು.

ಸ್ಪರ್ಧೆಯ ದಿನ ಬಂತು. ಪ್ರತಿಯೊಬ್ಬರೂ ಒಬ್ಬ ಸಹಾಯಕನನ್ನು ಕರೆತರಬಹುದಿತ್ತು. ಅತ್ತಿಗೆ ಅಂಗಡಿ ಬಿಡುವ ಹಾಗಿರಲಿಲ್ಲ, ಬಾಮೈದನನ್ನು ನಂಬುವ ಹಾಗಿರಲಿಲ್ಲ. ಹಾಗಾಗಿ ನಾನು ಹೋದೆ. ಅಂತಸ್ತು ಅಳೆಯಲು ಬೇಕಾದೀತೆಂದು ನನ್ನ ಮರದ ಗಜದ ಕೋಲನ್ನೂ ಒಯ್ದೆ. ನನ್ನಪ್ಪನ ಕಾಲದ ಕೋಲು. ಇಂಚಿನ ಅಂಕಿಗಳನ್ನು ಸುಟ್ಟು ಬರೆದದ್ದು.

ಸ್ಟುಡಿಯೋದಲ್ಲಿ ನಮ್ಮ ಮೇಜಿನ ಎಡಕ್ಕೆ ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗ. ಅವನ ಟೋಪಿಯನ್ನು ಯಾವ ಫ್ಯಾನೂ ಕತ್ತರಿಸಿರಲಿಲ್ಲ. ಬಲಕ್ಕೆ ವಿದೇಶದಲ್ಲಿ ಕಲಿತು ಬಂದ ಒಬ್ಬಾಕೆ. ಮೊಟ್ಟೆ ಒಡೆಯುವಾಗಲೂ ಆಕೆಯ ಕಿರುಬೆರಳು ನೆಟ್ಟಗಿರುತ್ತಿತ್ತು. ಬನ್ನಣ್ಣ ಇಬ್ಬರಿಗೂ ನಮಸ್ಕಾರ ಮಾಡಿದ. ಬಾಣಸಿಗ ಇವನ ಟೋಪಿಯನ್ನು ನೋಡಿ, "ಮಳೆಗೆ ಸಿಕ್ಕಿತ್ತಾ?" ಎಂದ.

"ಗಾಳಿಗೆ," ಎಂದ ಬನ್ನಣ್ಣ.

ಬೆಳಿಗ್ಗೆಯಿಂದ ಕೆಲಸ. ಬನ್ನಣ್ಣ ಬೆಣ್ಣೆ ಸಕ್ಕರೆ ನಾದಿದ್ದು, ಹಿಟ್ಟು ಜರಡಿ ಹಿಡಿದದ್ದು, ಓವನಿನ ಬಾಗಿಲಿಗೆ ಮೂಗು ಹಚ್ಚಿ ಹದ ಹೇಳಿದ್ದು ಎಲ್ಲ ಚೆನ್ನಾಗಿಯೇ ಇತ್ತು. ನಾಲ್ಕು ಕೇಕು ಬೆಂದವು, ಆರಿದವು. ಒಂದರ ಮೇಲೊಂದು ಏರಿಸಿದ. ಹಿಂದೆ ಸರಿದು ಸೊಂಟಕ್ಕೆ ಕೈಯಿಟ್ಟು ನೋಡಿದ. ನೋಡುತ್ತಿದ್ದಂತೆಯೇ ಕೇಕು ನಿಧಾನವಾಗಿ, ಯಾರಿಗೋ ಗುಟ್ಟು ಹೇಳಲು ಹೊರಟಂತೆ, ಬಲಕ್ಕೆ ಬಾಗಿತು.

"ಕಂಬ!" ಎಂದು ಬನ್ನಣ್ಣ ತಲೆ ಚಚ್ಚಿಕೊಂಡ.

ನಿಜವಾದ ಕೇಕನ್ನು ಅಂತಸ್ತಾಗಿ ಇಡುವಾಗ ಒಳಗೆ ಕಡ್ಡಿಗಳನ್ನು ಚುಚ್ಚಿ ಕಂಬ ನಿಲ್ಲಿಸಬೇಕು. ಇಲ್ಲದಿದ್ದರೆ ಮೇಲಿನದರ ಭಾರಕ್ಕೆ ಕೆಳಗಿನದು ಕುಸಿಯುತ್ತದೆ. ಜನ್ಮದಲ್ಲಿ ಥರ್ಮಾಕೋಲನ್ನಷ್ಟೇ ಅಂತಸ್ತಾಗಿ ಇಟ್ಟವನಿಗೆ ಅದು ನೆನಪಾಗುವುದು ಹೇಗೆ? ಥರ್ಮಾಕೋಲಿಗೆ ಭಾರವೆಲ್ಲಿಯದು?

ನಾನು ಎರಡೂ ಕೈಯಲ್ಲಿ ಕೇಕನ್ನು ತಬ್ಬಿ ಹಿಡಿದೆ. ಸುತ್ತ ದೊಡ್ಡ ದೊಡ್ಡ ದೀಪಗಳು, ಒಲೆಯ ಮುಂದೆ ನಿಂತ ಹಾಗೆ ಸೆಕೆ. ಆಗಲೇ ಕಾರ್ಯಕ್ರಮದ ನಿರ್ದೇಶಕ ಬಂದ. ಕತ್ತಿಗೊಂದು ಹೆಡ್‌ಫೋನು, ಮುಖದಲ್ಲಿ ಯಾವಾಗಲೂ ಅವಸರ.

"ಏನ್ ಸಾರ್, ನೀವಿನ್ನೂ ನಿಜದ್ದು ಮಾಡ್ತಿದೀರಾ?"

"ಮತ್ತೆ?"

ಅವನು ದನಿ ತಗ್ಗಿಸಿದ. "ಈ ಲೈಟಿಗೆ ಯಾವ ಕೇಕೂ ನಿಲ್ಲಲ್ಲ. ಮೇಲಿಂದೊಂದು ನಿಜದ್ದಿರಲಿ, ತೀರ್ಪುಗಾರರು ಕೊಯ್ಯೋದು ಅದೊಂದನ್ನೇ. ಕೆಳಗಡೆ ಮೂರಕ್ಕೆ ಥರ್ಮಾಕೋಲ್ ಇಡಿ. ಗೋಡೌನಲ್ಲಿದೆ, ಎಲ್ಲಾ ಸೈಜೂ ಇದೆ. ಅವರಿಬ್ಬರೂ ಆಗ್ಲೇ ತಗೊಂಡ್ರು."

ಬನ್ನಣ್ಣ ಎಡಕ್ಕೆ ನೋಡಿದ. ಬಾಣಸಿಗ ಬಿಳಿಯ ಬಿಲ್ಲೆಯೊಂದಕ್ಕೆ ಅಕ್ಕರೆಯಿಂದ ಸಕ್ಕರೆ ಬಳಿಯುತ್ತಿದ್ದ. ಬಲಕ್ಕೆ ನೋಡಿದ. ವಿದೇಶದಲ್ಲಿ ಕಲಿತಾಕೆ ಕಿರುಬೆರಳು ನೆಟ್ಟಗಿಟ್ಟು ಥರ್ಮಾಕೋಲು ಉಜ್ಜುತ್ತಿದ್ದಳು. ಬನ್ನಣ್ಣ ಹಿಟ್ಟಿನ ಮೂಟೆಯ ಮೇಲೆ ಕೂತು ನಕ್ಕ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ಬನ್ನಣ್ಣ, ತಗೊಂಡ್ಬಿಡೋ," ಎಂದೆ ನಾನು, ಕೇಕನ್ನು ತಬ್ಬಿಕೊಂಡೇ. "ಥರ್ಮಾಕೋಲಲ್ಲಿ ನಿನ್ನನ್ನ ಸೋಲಿಸೋರು ಯಾರೂ ಇಲ್ಲ. ಕಿಟಕಿ ಉಳಿಯತ್ತೆ."

ಅವನು ಎದ್ದು ನಿಂತ. "ಆಗಲ್ಲ."

"ಯಾಕೆ ಸಾರ್?" ಎಂದ ನಿರ್ದೇಶಕ.

"ಆರು ವರ್ಷ ಅದರ ಧೂಳು ಒರೆಸಿದೀನಿ. ಕೇಳಿದೋರಿಗೆಲ್ಲ ಬುಕ್ಕಾಗಿದೆ ಅಂದಿದೀನಿ. ಒಂದು ದಿನ, ಒಂದೇ ದಿನ, ತಿನ್ನೋ ಅಂಥದ್ದು ಮಾಡೋಕೆ ಬಂದಿದೀನಿ. ಬಾಗ್ಲಿ, ಬೀಳ್ಲಿ. ಕಿಟಕಿಗೆ ಇಡೋದನ್ನ ತಟ್ಟೆಗೆ ಇಡಲ್ಲ."

"ಬಿದ್ರೆ ನಿಮ್ಮನ್ನ ಟಿವಿಯಲ್ಲಿ ತೋರ್ಸಲ್ಲ."

"ಬೀಳಲ್ಲ." ಬನ್ನಣ್ಣ ನನ್ನ ಕಡೆ ತಿರುಗಿದ. ಅವನ ಕಣ್ಣು ನನ್ನ ಗಜದ ಕೋಲಿನ ಮೇಲಿತ್ತು.

"ಬೇಡ ಕಣೋ," ಎಂದೆ. "ನಮ್ಮಪ್ಪಂದು."

"ನಿಮ್ಮಪ್ಪ ಕೇಕ್ ತಿಂತಿರ್ಲಿಲ್ವಾ?"

ತಿನ್ನುತ್ತಿದ್ದ. ಅದಕ್ಕೆ ಕೊಟ್ಟುಬಿಟ್ಟೆ. ಕೋಲನ್ನು ತುಂಡು ತುಂಡಾಗಿ ಕೊಯ್ದು, ಕುದಿಯುವ ನೀರಿನಲ್ಲಿ ಅದ್ದಿ, ಕೇಕಿನೊಳಗೆ ಚುಚ್ಚಿದೆವು. ಕೇಕು ನಿಂತಿತು. ನೆಟ್ಟಗಲ್ಲ, ಸ್ವಲ್ಪ ಬಲಕ್ಕೆ ವಾಲಿ, ಜಗಳಕ್ಕೆ ಸಿದ್ಧವಾದವನ ಹಾಗೆ.

ನೇರ ಪ್ರಸಾರಕ್ಕೆ ಇನ್ನೇನು ಕರೆಯಬೇಕು, ಬಾಮೈದ ಬೆವರು ಒರೆಸುತ್ತ ಒಳಗೆ ಬಂದ. ಕೈಯಲ್ಲಿ ಕಿಟಕಿಯ ಕೇಕು!

"ಭಾವ, ಕಿಟಕಿ ಅಳತೆ ತಗೊಳ್ತಿದ್ದೆ. ಇದು ಅಡ್ಡ ಬಂತು. ಮಾಡಿದ ಕೇಕೇ ಇರೋವಾಗ ಮತ್ತೆ ಯಾಕೆ ಒದ್ದಾಟ ಅಂತ ತಂದೆ. ಎಷ್ಟು ಹಗುರ ಅಂತೀರಾ! ಹಗುರ ಕೇಕೇ ಒಳ್ಳೇದಂತಲ್ಲ?"

ಪಾಪ, ಅವನಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ. ಆದರೆ ನಿರ್ದೇಶಕನ ಮುಖ ಅರಳಿತು. ನಾವು ಕೈಕಾಲು ತೊಳೆದು ಬರುವಷ್ಟರಲ್ಲಿ ಅವನ ಕಡೆಯವರು ಕಿಟಕಿಯ ಕೇಕನ್ನು ನಮ್ಮ ಮೇಜಿನ ಮೇಲೆ ಇಟ್ಟು, ವಾಲಿದ ಕೇಕನ್ನು ಮೇಜಿನ ಕೆಳಗೆ ತಳ್ಳಿ, ಮೇಲೆ ಬಟ್ಟೆ ಇಳಿಬಿಟ್ಟಿದ್ದರು. ಬಾಯಿ ತೆರೆಯುವ ಮುಂಚೆ ಕೆಂಪು ದೀಪ ಹತ್ತಿತು.

ತೀರ್ಪುಗಾರರು ದಪ್ಪ ಮೀಸೆಯವರು. ಬಾಣಸಿಗನ ಮೇಲಂತಸ್ತು ಕೊಯ್ದು ತಿಂದು ಕಣ್ಣು ಮುಚ್ಚಿದರು. ವಿದೇಶದಾಕೆಯ ಮೇಲಂತಸ್ತು ತಿಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ನಮ್ಮ ಮೇಜಿಗೆ ಬಂದು, "ಆಹಾ! ಫೋಟೋದಲ್ಲಿದ್ದಂತೆಯೇ ಇದೆ, ಹಂಸದ ಕತ್ತಿನ ಸೊಟ್ಟ ಸಮೇತ!" ಎಂದು ಚಾಕು ಎತ್ತಿದರು.

ಬನ್ನಣ್ಣ ಅವರ ಮಣಿಕಟ್ಟು ಹಿಡಿದ. ಇಡೀ ದೇಶ ನೋಡುತ್ತಿತ್ತು.

"ಅದು ತಿನ್ನೋಕಲ್ಲ ಸಾರ್. ಥರ್ಮಾಕೋಲು. ಆರು ವರ್ಷದಿಂದ ನನ್ನ ಕಿಟಕಿಯಲ್ಲಿತ್ತು." ಬಗ್ಗಿ, ಬಟ್ಟೆ ಎತ್ತಿ, ನಿಜವಾದ ಕೇಕನ್ನು ಎಳೆದು ಮೇಲಿಟ್ಟ. "ಇದು ನಂದು. ಇವತ್ತಿಂದು. ವಾಲಿದೆ, ಆದ್ರೆ ಕೆಳಗಿಂದ ಮೇಲ್ತನಕ ಕೇಕು."

"ಏನು! ಥರ್ಮಾಕೋಲಾ? ಇಂಥ ಸ್ಪರ್ಧೆಯಲ್ಲಿ ಮೋಸವಾ?" ಎಂದು ತೀರ್ಪುಗಾರರು ಗುಡುಗಿದರು. ಅವರ ಗುಡುಗು ನಿಜದ್ದೇ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

"ಮೋಸ ಅಂದ್ರೆ ಎಲ್ಲರದ್ದೂ ಮೋಸ ಅನ್ನಿ ಸಾರ್. ಆ ಎರಡರ ಕೆಳಗಿನ ಅಂತಸ್ತು ಕೊಯ್ದು ನೋಡಿ."

ಬಾಣಸಿಗ ಎರಡೂ ಕೈ ಚಾಚಿ ತನ್ನ ಕೇಕಿಗೆ ಅಡ್ಡ ನಿಂತ. "ಮುಟ್ಟಬೇಡಿ! ಅದಿನ್ನೂ ಆರ್ಬೇಕು!"

ತೀರ್ಪುಗಾರರು ಅವನ ಕಂಕುಳ ಕೆಳಗಿನಿಂದ ಚಾಕು ತೂರಿಸಿದರು. ಕಿರ್‍ರ್! ಮೈಕು ಹತ್ತಿರವಿತ್ತು, ಮನೆಮನೆಯಲ್ಲೂ ಜನ ಹಲ್ಲು ಕಚ್ಚಿಕೊಂಡರಂತೆ. ವಿದೇಶದಾಕೆಯ ಕೇಕಿಗೂ ಹಾಕಿದರು. ಅದರ ಕಿರ್‍ರ್ ಸ್ವಲ್ಪ ನಯವಾಗಿತ್ತು. ತೀರ್ಪುಗಾರರ ಮೀಸೆಯ ತುಂಬ ಬಿಳಿ ಗುಳಿಗೆ. ನಿರ್ದೇಶಕ ಎರಡೂ ಕೈ ಬೀಸುತ್ತ, "ಜಾಹೀರಾತು! ಜಾಹೀರಾತು ಹಾಕ್ರೋ!" ಎಂದು ಕೂಗಿದ. ಕೆಂಪು ದೀಪ ಆರಿತು.

ಆಮೇಲಿನ ಗದ್ದಲದ ನಡುವೆ ತೀರ್ಪುಗಾರರು ಒಬ್ಬರೇ ಬನ್ನಣ್ಣನ ಕೇಕಿನ ಮುಂದೆ ನಿಂತು ಎರಡು ತುಂಡು ತಿಂದರು. ಮೂರನೆಯದರಲ್ಲಿ ಹಲ್ಲಿಗೆ ಏನೋ ತಗುಲಿತು. ತೆಗೆದು ನೋಡಿದರೆ ಮರದ ತುಂಡು, ಅದರ ಮೇಲೆ ಹದಿನೇಳು ಎಂದು ಬರೆದಿತ್ತು.

"ಇದೇನು?"

"ಇಂಚು," ಎಂದೆ ನಾನು.

ಅವರು ಅದನ್ನು ಚೀಪಿ ತಟ್ಟೆಯಲ್ಲಿಟ್ಟರು. "ಚೆನ್ನಾಗಿದೆ ಕಣಯ್ಯಾ."

"ಅದನ್ನ ಟಿವಿಯಲ್ಲಿ ಹೇಳಿ ಸಾರ್," ಎಂದ ಬನ್ನಣ್ಣ.

"ಟಿವಿಯಲ್ಲಿ ಈಗ ಸೋಪು ಬರ್ತಿದೆ."

ಸೋಪೇ ಬರುತ್ತಿತ್ತು. ಅದು ಮುಗಿದ ಮೇಲೆ ಹಲ್ಲುಪುಡಿ, ಮತ್ತೆ ಸೋಪು. ಸ್ಪರ್ಧೆ ಮರಳಿ ಬರಲೇ ಇಲ್ಲ. ಬಹುಮಾನವನ್ನು ಯಾರಿಗೂ ಕೊಡಲಿಲ್ಲ. ನಿರ್ದೇಶಕ ನಮ್ಮನ್ನು ಬಾಗಿಲವರೆಗೆ ಕಳಿಸಿ, ಇನ್ನು ಈ ಕಡೆ ತಲೆ ಹಾಕಬೇಡಿ ಎಂದ. ಬನ್ನಣ್ಣ, "ತಲೆ ಹಾಕಲ್ಲ, ಟೋಪಿ ಒಳಗೆ ಬಿಟ್ಟಿದೀನಿ, ಅದನ್ನಾದ್ರೂ ಕೊಡಿ," ಎಂದ. ಕೊಡಲಿಲ್ಲ. ಕಿಟಕಿಯ ಕೇಕನ್ನು ಯಾರೋ ತುಳಿದು ಪುಡಿ ಮಾಡಿದ್ದರು. ನಿಜವಾದ ಕೇಕನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನಾನು ತಬ್ಬಿಕೊಂಡು ಊರಿಗೆ ತಂದೆ.

ಬೀದಿಯಲ್ಲಿ ಎಲ್ಲರೂ ನಿಂತಿದ್ದರು. ಬಾಮೈದ ಮುಂದೆ ಓಡಿಹೋಗಿ ಖಾಲಿ ಕಿಟಕಿಗೆ ಟೇಪು ಹಿಡಿದ.

"ಅಕ್ಕ, ಮಾತು ಅಂದ್ರೆ ಮಾತು. ಭಾವ ಸೋತ್ರು."

ಬನ್ನಣ್ಣ ಕೇಕನ್ನು ಮೇಜಿನ ಮೇಲಿಟ್ಟು, "ತಗೋಳೋ, ಕಿಟಕಿ ನಿಂದೇ," ಎಂದ. "ಇನ್ನೊಂದ್ಸಲ ಕರೆದ್ರೂ ಹಾಗೇ ಮಾಡ್ತೀನಿ."

"ಒಂದ್ನಿಮಿಷ," ಎಂದರು ಅತ್ತಿಗೆ. ಸೆರಗಿಗೆ ಕೈ ಒರೆಸಿಕೊಂಡು ತಮ್ಮನ ಮುಂದೆ ಬಂದು ನಿಂತರು. "ಸೋತ್ರು ಅಂತ ಯಾರು ಹೇಳಿದ್ರು?"

"ಟಿವಿಯಲ್ಲಿ..."

"ಟಿವಿಯಲ್ಲಿ ಸೋಪು ಬಂತು. ನಾನು ಕಣ್ಣು ಮಿಟುಕಿಸದೆ ನೋಡಿದೀನಿ. ಗೆದ್ದೋರು ಇವರು, ಸೋತೋರು ಇವರು ಅಂತ ಒಬ್ಬರೂ ಹೇಳ್ಲಿಲ್ಲ. ಅವತ್ತು ಏನಂದಿದ್ದೆ ನಾನು? ಸೋತ್ರೆ ಕಿಟಕಿ ನಿಂಗೆ. ಸೋಲದಿದ್ರೆ?"

"ಅಕ್ಕ, ಇದು ಅನ್ಯಾಯ!"

"ಸೋಲದಿದ್ರೆ ಈ ಮಾತು ಯಾರೂ ಎತ್ತಬಾರದು ಅಂದಿದ್ದೆ. ಟೇಪು ಮಡಿಚು. ಹೋಗಿ ತಟ್ಟೆ ತೊಳ್ಕೊಂಡು ಬಾ, ಕೇಕು ಹಂಚಬೇಕು."

ಬಾಮೈದ ಟೇಪು ಮಡಿಚಿದ. ಬೀದಿಯೇ ಒಳಗೆ ನುಗ್ಗಿತು. ಇನ್ಸ್‌ಪೆಕ್ಟರೂ ಬಂದಿದ್ದರು, ಪೆನ್ನಿನ ಮುಚ್ಚಳ ಕಚ್ಚಿಕೊಂಡು. "ಈ ವರ್ಷ ಏನಂತ ಬರೀಲ್ರೀ?" ಎಂದು ಮೆಲ್ಲಗೆ ಕೇಳಿದರು.

"ಮೊದಲು ತಿನ್ನಿ. ಆಮೇಲೆ ಬರೀರಿ," ಎಂದು ಬನ್ನಣ್ಣ ತಟ್ಟೆ ಕೊಟ್ಟ.

ಮೊದಲ ತುಂಡು ಮಾತ್ರ ಟೀಚರಮ್ಮನಿಗೆ ಹೋಗಿತ್ತು, ಹಂಸದ ಪಕ್ಕದ್ದು ಎಂದು ಹೇಳಬಹುದಾದ ಜಾಗದಿಂದ. ಆರು ವರ್ಷ ಕಾದವರು ಅವರು. ಬನ್ನಣ್ಣ ಕೈಕಟ್ಟಿ ನಿಂತು ಅವರ ಬಾಯನ್ನೇ ನೋಡಿದ. ಅವರು ನಿಧಾನವಾಗಿ ಅಗಿದರು, ನುಂಗಿದರು, ಕನ್ನಡಕ ಸರಿಮಾಡಿಕೊಂಡರು.

"ಸಕ್ಕರೆ ಜಾಸ್ತಿ," ಎಂದರು. ಆಮೇಲೆ ತಟ್ಟೆ ಚಾಚಿದರು. "ಇನ್ನೊಂದು ಹಾಕು. ಬುಕ್ಕಾಗಿಲ್ಲ ತಾನೆ?"

ಈಗ ಆ ಕಿಟಕಿಯಲ್ಲಿ ದಿನಾ ಒಂದು ಸಣ್ಣ ಕೇಕು ಇರುತ್ತದೆ, ಒಂದೇ ಅಂತಸ್ತಿಂದು. ಸಂಜೆಯೊಳಗೆ ಮಾರಿಹೋಗುತ್ತದೆ. ಹೋಗದಿದ್ದರೆ ನಾನು ಮತ್ತು ಬಾಮೈದ ತಿನ್ನುತ್ತೇವೆ. ಅತ್ತಿಗೆ ಲೆಕ್ಕ ಮುಗಿಸಿದ್ದಾರೆ: ಸ್ಟುಡಿಯೋಗೆ ಹೋಗಿಬಂದ ಖರ್ಚು ಒಂಬೈನೂರು ಬನ್ನು, ಟೋಪಿ ಮೂವತ್ತು ಬನ್ನು, ಕಿಟಕಿಯ ಕೇಕು ನಾನೂರ ಎಪ್ಪತ್ತೆರಡು ಬನ್ನು, ನನ್ನ ಗಜದ ಕೋಲಿಗೆ ಬೆಲೆ ಕಟ್ಟಲು ನಾನು ಒಪ್ಪದ್ದರಿಂದ ದಿನಕ್ಕೊಂದು ಬನ್ನು, ನಾನು ಇರುವವರೆಗೆ. ಇಷ್ಟು ಹೋಯಿತು. ಕಿಟಕಿ ಉಳಿಯಿತು.